ಮನೆಗೆ ಮೊಟ್ಟೆ ಕೂಡ ತಂದವರಲ್ಲ, ಆದರೂ ಮೂರು ತಲೆಮಾರಿಗೆ ಶುಗರ್ ಯಾಕೆ?

ತಿಪಟೂರು ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ನನಗೆ 44. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಹೋದ ತಿಂಗಳು ಶಾಲೆಗೆ ಬಂದಿದ್ದ ಆರೋಗ್ಯ ಶಿಬಿರದಲ್ಲಿ ರಕ್ತ ಕೊಟ್ಟಿದ್ದೆ. ಖಾಲಿ ಹೊಟ್ಟೆಯ ಶುಗರ್ 112 ಬಂತು. ಮೂರು ತಿಂಗಳ ಸರಾಸರಿ, ಅದೇ ಎಚ್‌ಬಿಎ1ಸಿ, 6.1. ಡಾಕ್ಟರು ಚೀಟಿ ನೋಡಿ "ಬಾರ್ಡರಿನಲ್ಲಿದ್ದೀರಿ, ಊಟ ನೋಡಿಕೊಳ್ಳಿ" ಅಂದರು. ಏನನ್ನು ನೋಡಿಕೊಳ್ಳಬೇಕು ಅಂತ ಕೇಳುವಷ್ಟರಲ್ಲಿ ಮುಂದಿನವರ ಹೆಸರು ಕೂಗಿಯಾಗಿತ್ತು.

ಅಜ್ಜಿಗೆ ಶುಗರ್ ಇತ್ತು. ಕೊನೆಗಾಲದಲ್ಲಿ ಕಾಲಿನ ಎರಡು ಬೆರಳು ತೆಗೆದರು. ಅಪ್ಪನಿಗೆ 48ಕ್ಕೆ ಬಂತು, 57ಕ್ಕೆ ಸ್ಟೆಂಟ್ ಹಾಕಿದರು. ಈಗ ನನ್ನ ಸರದಿ.

ನಮ್ಮ ಪಿ.ಟಿ. ಮೇಷ್ಟ್ರು ಒಂದು ವಿಡಿಯೋ ಕಳಿಸಿದ್ದರು. ಅಮೆರಿಕದ ಯಾರೋ ಡಾಕ್ಟರು. ಮಾಂಸ, ಮೊಟ್ಟೆ, ಹಾಲು ಬಿಟ್ಟು ಗಿಡದಿಂದ ಬಂದದ್ದನ್ನು ಮಾತ್ರ ತಿಂದರೆ ಶುಗರ್ ಬರಲ್ಲ, ಹಾರ್ಟ್ ಅಟ್ಯಾಕ್ ಆಗಲ್ಲ, ಇದಕ್ಕೆಲ್ಲ ಸಂಶೋಧನೆ ಇದೆ ಅನ್ನುತ್ತಾರೆ. ನೋಡಿ ನಗು ಬಂತು. ನಮ್ಮ ಮನೆಗೆ ಮೊಟ್ಟೆ ಬಂದದ್ದನ್ನು ನಾನು ಕಂಡಿಲ್ಲ. ಹೆಂಡತಿಯ ತವರೂ ಹಾಗೇ. ಹಿಡಿದೇ ಇಲ್ಲದ್ದನ್ನು ಬಿಡುವುದು ಹೇಗೆ? ಸಸ್ಯಾಹಾರ ಅಷ್ಟೊಂದು ಕಾಪಾಡುವುದಾದರೆ ಅಜ್ಜಿಯ ಬೆರಳು ಯಾಕೆ ಹೋಯಿತು?

ಯಾರಾದರೂ "ಏನು ತಿಂತೀರಿ" ಅಂತ ಕೇಳೇ ಕೇಳುತ್ತೀರಿ. ಅದಕ್ಕೇ ಹೋದ ತಿಂಗಳ ದಿನಸಿ ಚೀಟಿ ನೋಡಿಕೊಂಡೇ ಬರೆಯುತ್ತಿದ್ದೇನೆ. ಮನೆಯಲ್ಲಿ ಐದು ಜನ: ಅಪ್ಪ, ಅಮ್ಮ, ನಾವಿಬ್ಬರು, ಹತ್ತನೇ ಕ್ಲಾಸಿನ ಮಗ. ಸೋನಾ ಮಸೂರಿ 30 ಕೆಜಿ (ದೋಸೆ, ಇಡ್ಲಿಗೂ ಸೇರಿ). ಗೋಧಿ ಹಿಟ್ಟು 5, ರಾಗಿ ಹಿಟ್ಟು 5, ರವೆ 4, ಅವಲಕ್ಕಿ 2, ಮೈದಾ 1. ತೊಗರಿಬೇಳೆ ಎರಡೂವರೆ, ಉದ್ದಿನಬೇಳೆ 1, ಕಡಲೆಬೇಳೆ ಅರ್ಧ, ಹೆಸರುಬೇಳೆ ಅರ್ಧ. ಸಕ್ಕರೆ 6, ಬೆಲ್ಲ 1. ಸನ್‌ಫ್ಲವರ್ ಎಣ್ಣೆ 5 ಲೀಟರ್. ಕಡಲೆಬೀಜ ಅರ್ಧ ಕೆಜಿ. ತರಕಾರಿ ವಾರಕ್ಕೊಮ್ಮೆ ಸಂತೆಯಿಂದ ಎಂಟು ಕೆಜಿ ಬರುತ್ತೆ, ಅದರಲ್ಲಿ ಎರಡು ಕೆಜಿ ಆಲೂಗಡ್ಡೆ, ಎರಡು ಕೆಜಿ ಈರುಳ್ಳಿ. ತೆಂಗಿನಕಾಯಿ ತೋಟದ್ದು, ಅದಕ್ಕೆ ಲೆಕ್ಕ ಇಲ್ಲ.

ಇದರಲ್ಲಿ ತಪ್ಪು ಏನಿದೆ? ಹಾಲು, ಮೊಸರು ಬಿಡಬೇಕಾ? ವಿಡಿಯೋದವರು ಹೇಳುವುದರಲ್ಲಿ ನಿಜ ಎಷ್ಟು?

ಮಂಡ್ಯದ ಗೌಡ:

ಮೇಷ್ಟ್ರೇ, ಇದಕ್ಕೆ ಸಂಶೋಧನೆ ಯಾಕೆ? ಅಕ್ಕಿ ಮೂಟೆಯನ್ನು ಆಚೆ ಹಾಕಿ, ಮುದ್ದೆ ತಿನ್ನಿ. ನಮ್ಮ ತಾತ ದಿನಕ್ಕೆ ನಾಲ್ಕು ಮುದ್ದೆ, ಬಸ್ಸಾರು, ಉಪ್ಸಾರು ತಿಂದು 91 ವರ್ಷ ಬದುಕಿದ. ಶುಗರ್ ಅಂದ್ರೆ ಏನು ಅಂತ ಗೊತ್ತಿರಲಿಲ್ಲ ಅವನಿಗೆ.

ಹುರುಳಿಕಟ್ಟು (ಹಾಸನ):

ಗೌಡ್ರೇ, ತಾತ ಮುದ್ದೆ ತಿಂದು ಎಲ್ಲಿಗೆ ಹೋಗುತ್ತಿದ್ದರು? ಗದ್ದೆಗೆ ತಾನೇ? ಮುದ್ದೆಯ ವಿಷಯ ಆಮೇಲೆ ಹೇಳುತ್ತೇನೆ.

ಮೇಷ್ಟ್ರೇ, ನಾನು ಆಸ್ಪತ್ರೆಯೊಂದರಲ್ಲಿ 19 ವರ್ಷದಿಂದ ಡಯಟಿಷಿಯನ್. ದಿನಕ್ಕೆ ಇಪ್ಪತ್ತು ಜನ ಬಂದು "ಮೇಡಂ, ನಾವು ಪ್ಯೂರ್ ವೆಜ್ಜು" ಅಂತಲೇ ಮಾತು ಶುರು ಮಾಡುತ್ತಾರೆ, ಅದೇ ಔಷಧಿ ಅನ್ನೋ ಹಾಗೆ. ಅವರಲ್ಲಿ ಯಾರೂ ನಿಮ್ಮ ಹಾಗೆ ದಿನಸಿ ಚೀಟಿ ತಂದವರಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಗಣಿತದವರಾಗಿ ಇದನ್ನು ನೀವೇ ಭಾಗಿಸಿ ನೋಡಬೇಕಿತ್ತು. ಐದು ಜನ, 30 ದಿನ, 150ರಿಂದ ಭಾಗಿಸಿ. ಅಕ್ಕಿ, ಗೋಧಿ, ರಾಗಿ, ರವೆ ಎಲ್ಲ ಸೇರಿ 47 ಕೆಜಿ. ತಲೆಗೆ ದಿನಕ್ಕೆ 313 ಗ್ರಾಂ, ಅಂದರೆ ಅದರಿಂದಲೇ ಸಾವಿರ ಕ್ಯಾಲೊರಿಗಿಂತ ಜಾಸ್ತಿ. ಸಕ್ಕರೆ, ಬೆಲ್ಲ 47 ಗ್ರಾಂ. ಎಣ್ಣೆ 33 ಮಿಲಿ. ಬೇಳೆ? 30 ಗ್ರಾಂ. ಅದರಲ್ಲೂ ಉದ್ದಿನಬೇಳೆ ದೋಸೆಗೆ ಹೋಯಿತು, ಕಡಲೆಬೇಳೆ ಒಗ್ಗರಣೆಗೆ ಹೋಯಿತು. ತಟ್ಟೆಗೆ ಬೇಳೆ ಅಂತ ಬೀಳುವುದು ತಿಳಿ ಸಾರು. ತರಕಾರಿಯಲ್ಲಿ ಆಲೂಗಡ್ಡೆ ತೆಗೆದರೆ ತಲೆಗೆ 170 ಗ್ರಾಂ, ಈರುಳ್ಳಿಯನ್ನೂ ತೆಗೆದರೆ 115. ಹಣ್ಣಿನ ಮಾತೇ ಎತ್ತಿಲ್ಲ ನೀವು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2,000 ಕ್ಯಾಲೊರಿಯ ಊಟಕ್ಕೆ ಹೇಳುವುದು ಧಾನ್ಯ 250 ಗ್ರಾಂ, ಬೇಳೆಕಾಳು 85, ತರಕಾರಿ 400, ಹಣ್ಣು 100, ಬೀಜಗಳು 35. ನಿಮ್ಮ ಚೀಟಿಯ ಪಕ್ಕ ಇಟ್ಟು ನೋಡಿ. ನಿಮ್ಮದು ಸಸ್ಯಾಹಾರವೇ, ಸಂಶಯವಿಲ್ಲ. ಅಕ್ಕಿಯೂ ಸಸ್ಯ, ಸಕ್ಕರೆಯೂ ಸಸ್ಯ, ಮೈದಾನೂ ಸಸ್ಯ.

ಈಗ ಸಂಶೋಧನೆಗೆ ಬರೋಣ. ನಿಮ್ಮ ಪ್ರಶ್ನೆಗೆ ನೇರ ಉತ್ತರ ಕೊಡುವುದು ಹಾರ್ವರ್ಡಿನವರ ಕೆಲಸ. ಅಮೆರಿಕದ ನರ್ಸುಗಳು ಮತ್ತು ಆರೋಗ್ಯ ಕ್ಷೇತ್ರದಲ್ಲಿ ಕೆಲಸ ಮಾಡುವ ಗಂಡಸರು, ಸುಮಾರು ಎರಡು ಲಕ್ಷ ಜನರ ಊಟವನ್ನು ಇಪ್ಪತ್ತಕ್ಕೂ ಹೆಚ್ಚು ವರ್ಷ ಬರೆದಿಟ್ಟಿದ್ದರು. ಅಂಬಿಕಾ ಸತೀಜಾ ಮತ್ತು ಜೊತೆಯವರು 2016ರಲ್ಲಿ ಅದನ್ನು ತೆಗೆದುಕೊಂಡು ಗಿಡದ ಆಹಾರವನ್ನೇ ಎರಡು ಗುಂಪು ಮಾಡಿದರು. ಇಡಿ ಧಾನ್ಯ, ಕಾಳು, ತರಕಾರಿ, ಹಣ್ಣು, ಬೀಜ ಒಂದು ಕಡೆ. ಪಾಲಿಷ್ ಮಾಡಿದ ಧಾನ್ಯ, ಆಲೂಗಡ್ಡೆ, ಜ್ಯೂಸು, ಸಿಹಿ ಇನ್ನೊಂದು ಕಡೆ. (ಕಾಫಿ ಒಳ್ಳೆಯ ಗುಂಪಿನಲ್ಲಿದೆ. ಖುಷಿಪಡಬೇಡಿ, ಎರಡು ಚಮಚ ಸಕ್ಕರೆಯ ನಮ್ಮ ಕಾಫಿ ಅಲ್ಲ ಅದು.) ಮೊದಲ ಗುಂಪನ್ನು ತುಂಬಾ ತಿಂದವರಿಗೆ, ತೀರಾ ಕಡಿಮೆ ತಿಂದವರಿಗಿಂತ ಶುಗರ್ ಬರುವುದು 34% ಕಡಿಮೆ ಇತ್ತು. ಎರಡನೇ ಗುಂಪನ್ನು ಜಾಸ್ತಿ ತಿಂದವರಿಗೆ 16% ಹೆಚ್ಚು. ಮರುವರ್ಷ ಹೃದಯದ ಕಾಯಿಲೆಗೆ ಇದೇ ಲೆಕ್ಕ ಮಾಡಿದರು. ಒಂದು ಕಡೆ 25% ಕಡಿಮೆ, ಇನ್ನೊಂದು ಕಡೆ 32% ಹೆಚ್ಚು. ನಿಮ್ಮ ಚೀಟಿ ಯಾವ ಕಡೆ ಬೀಳುತ್ತೆ ಅಂತ ನಾನು ಹೇಳಬೇಕಾಗಿಲ್ಲ ಅಲ್ವಾ?

ಆದರೆ ಇದು ಜನ ತಿಂದದ್ದನ್ನು ಕೇಳಿ ಬರೆದುಕೊಂಡ ಲೆಕ್ಕ. ಸೊಪ್ಪು ತಿನ್ನುವವರು ವಾಕಿಂಗೂ ಮಾಡುತ್ತಾರೆ, ಸಿಗರೇಟೂ ಸೇದಲ್ಲ. ಅದನ್ನೆಲ್ಲ ಕಳೆದು ನೋಡಿದ್ದಾರೆ, ಆದರೆ ಪೂರ್ತಿ ಕಳೆಯೋಕೆ ಆಗಲ್ಲ. ಹಾಗಾಗಿ ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಊಟ ಬದಲಾಯಿಸಿದ ಪ್ರಯೋಗಗಳನ್ನೂ ನೋಡಬೇಕು. ನಿಮ್ಮ ವಿಡಿಯೋದವರು ನೀಲ್ ಬರ್ನಾರ್ಡ್ ಅಥವಾ ಡೀನ್ ಆರ್ನಿಷ್ ಅನ್ನುವ ಅಮೆರಿಕದ ಡಾಕ್ಟರುಗಳ ಬಗ್ಗೆ ಹೇಳಿರಬಹುದು. ಬರ್ನಾರ್ಡ್ 2006ರಲ್ಲಿ ಶುಗರ್ ಇದ್ದ 99 ಜನರನ್ನು ತೆಗೆದುಕೊಂಡು, ಅರ್ಧ ಜನಕ್ಕೆ ಎಣ್ಣೆ ಕಡಿಮೆ ಇರುವ, ಹಾಲು, ಮೊಟ್ಟೆಯೂ ಇಲ್ಲದ ಪೂರ್ತಿ ಸಸ್ಯಾಹಾರ, ಉಳಿದವರಿಗೆ ಅಲ್ಲಿನ ಡಯಾಬಿಟಿಸ್ ಸಂಘದ ಮಾಮೂಲಿ ಊಟ ಹೇಳಿದರು. 22 ವಾರಕ್ಕೆ ಎಚ್‌ಬಿಎ1ಸಿ ಒಂದು ಗುಂಪಿನಲ್ಲಿ 0.96, ಇನ್ನೊಂದರಲ್ಲಿ 0.56 ಇಳಿಯಿತು. ಚೆನ್ನಾಗಿದೆ. ಆದರೆ 74 ವಾರದ ಹೊತ್ತಿಗೆ ಎರಡೂ ಗುಂಪಿನವರ ಲಾಭ ಸಾಕಷ್ಟು ಕರಗಿತ್ತು. ಬರ್ನಾರ್ಡ್ ಅವರು ಆ ಊಟದ ಪ್ರಚಾರಕರೂ ಹೌದು, ಅದೂ ನೆನಪಿರಲಿ. ಆರ್ನಿಷ್ 1990ರಲ್ಲಿ ಹೃದ್ರೋಗ ಇದ್ದ 48 ಜನರನ್ನು ನೋಡಿದರು. ರಕ್ತನಾಳದ ಅಡಚಣೆ ಸ್ವಲ್ಪ ತೆರೆಯಿತು ಅಂತ ದೊಡ್ಡ ಸುದ್ದಿಯಾಯಿತು. ಆದರೆ ಊಟದ ಜೊತೆ ಧ್ಯಾನ, ನಡಿಗೆ, ಸಿಗರೇಟು ಬಿಡಿಸುವುದು ಎಲ್ಲವನ್ನೂ ಒಟ್ಟಿಗೇ ಮಾಡಿಸಿದ್ದರು. ಯಾವುದರಿಂದ ಎಷ್ಟು ಅಂತ ಬಿಡಿಸುವುದು ಹೇಗೆ?

ನನಗೆ ನಂಬಿಕೆ ಜಾಸ್ತಿ ಇರುವುದು ಪಕ್ಕದ ಚೆನ್ನೈನ ಪ್ರಯೋಗದ ಮೇಲೆ. ಡಾ. ಎ. ರಾಮಚಂದ್ರನ್ ಅವರ ತಂಡದ್ದು, 2006ರಲ್ಲಿ ಬಂತು. ನಿಮ್ಮ ಹಾಗೆ ಬಾರ್ಡರಿನಲ್ಲಿದ್ದ 531 ಜನ. ಸುಮ್ನೆ ಬಿಟ್ಟವರಲ್ಲಿ ಮೂರು ವರ್ಷಕ್ಕೆ 55% ಜನಕ್ಕೆ ಶುಗರ್ ಬಂತು. ಸಕ್ಕರೆ, ಪಾಲಿಷ್ ಧಾನ್ಯ, ಎಣ್ಣೆ ಕಡಿಮೆ ಮಾಡಿ, ನಾರು ಜಾಸ್ತಿ ಮಾಡಿ, ದಿನಾ ಅರ್ಧ ಗಂಟೆ ನಡೆದವರಲ್ಲಿ 39%. ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆ ಕೊಟ್ಟವರಲ್ಲೂ ಹತ್ತಿರ ಹತ್ತಿರ ಅಷ್ಟೇ. ಯಾರಿಗೂ ಹಾಲು ಬಿಡಿ ಅಂತ ಹೇಳಿರಲಿಲ್ಲ. ನಮ್ಮಂಥ ಜನ, ನಮ್ಮಂಥ ಊಟ. ನೂರರಲ್ಲಿ 55 ಮತ್ತು 39ರ ನಡುವೆ ಇರುವ ಆ 16 ಜನ ನನಗೆ ಎದುರಿಗೇ ಕಾಣುತ್ತಾರೆ. ಉಳಿದ 39 ಜನಕ್ಕೆ ಎಲ್ಲ ಮಾಡಿಯೂ ಬಂತು, ಅದನ್ನೂ ವಿಡಿಯೋದವರು ಹೇಳಬೇಕು.

ಹಾಲು, ಮೊಸರು ಬಿಡಬೇಡಿ. ನಿಮಗೆ ಒಳ್ಳೆಯ ಪ್ರೋಟೀನು ಅಲ್ಲಿಂದಲೂ ಬರುತ್ತಿದೆ.

ಒಂದು ಎಚ್ಚರಿಕೆ. ಅಪ್ಪ ಶುಗರ್ ಮಾತ್ರೆ ತೆಗೆದುಕೊಳ್ಳುತ್ತಾರೆ ಅಲ್ವಾ? ಅವರ ತಟ್ಟೆಯಲ್ಲಿ ಅನ್ನ ಇಳಿಸುವ ಮೊದಲು ಅವರ ಡಾಕ್ಟರಿಗೆ ಹೇಳಿ. ಗ್ಲಿಮೆಪಿರೈಡ್ ಥರದ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ ಶುಗರ್ ತೀರಾ ಇಳಿದುಬಿಡಬಹುದು, ಡೋಸ್ ಬದಲಾಯಿಸಬೇಕಾಗಬಹುದು.

ಮಂಡ್ಯದ ಗೌಡ:

ಮೇಡಂ, ಮುದ್ದೆ ವಿಷಯ ಬಾಕಿ ಇದೆ.

ಹುರುಳಿಕಟ್ಟು (ಹಾಸನ):

ಮರೆತಿಲ್ಲ ಗೌಡ್ರೇ. ರಾಗಿ ಒಳ್ಳೆಯದೇ. ನಾರಿದೆ, 100 ಗ್ರಾಂನಲ್ಲಿ 340 ಮಿಲಿಗ್ರಾಂ ಹತ್ತಿರ ಕ್ಯಾಲ್ಸಿಯಂ ಇದೆ, ಯಾವ ಅಕ್ಕಿಯಲ್ಲಿದೆ ಅಷ್ಟು? ಆದರೆ ಮಿಲ್ಲಿನಲ್ಲಿ ನುಣ್ಣಗೆ ಬೀಸಿದ ಹಿಟ್ಟನ್ನು ಬೇಯಿಸಿ ನುಂಗಿದರೆ ಅದು ಬೇಗ ಸಕ್ಕರೆಯಾಗುತ್ತೆ. ರಾಗಿಯಲ್ಲೂ ಹೆಚ್ಚಿನ ಪಾಲು ಪಿಷ್ಟವೇ. ನಮ್ಮಲ್ಲಿ ಅನ್ನ ಬಿಟ್ಟೆ ಅಂತ ಮೂರು ಮುದ್ದೆ ತಿಂದು ಶುಗರ್ ಏರಿಸಿಕೊಂಡು ಬರುವವರು ಇದ್ದಾರೆ.

ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ದೇಶದ ಎಲ್ಲ ರಾಜ್ಯಗಳಲ್ಲೂ ಮಾಡಿದ ದೊಡ್ಡ ಸರ್ವೆಯ ಊಟದ ಲೆಕ್ಕ 2025ರಲ್ಲಿ ಬಂತು. ನಾವು ಭಾರತೀಯರು ಕ್ಯಾಲೊರಿಯಲ್ಲಿ 62% ಕಾರ್ಬೋಹೈಡ್ರೇಟಿನಿಂದಲೇ (ಪಿಷ್ಟ, ಸಕ್ಕರೆ) ತೆಗೆದುಕೊಳ್ಳುತ್ತೇವೆ. ಪಾಲಿಷ್ ಅಕ್ಕಿಯ ಬದಲು ಗೋಧಿ ಹಿಟ್ಟು, ಸಿರಿಧಾನ್ಯದ ಹಿಟ್ಟು ಅಂತ ಬರೀ ಬದಲಾಯಿಸಿಕೊಂಡದ್ದರಿಂದ ಶುಗರ್ ಅಪಾಯ ಇಳಿದದ್ದು ಕಾಣಲಿಲ್ಲ. ದಿನದ ಕ್ಯಾಲೊರಿಯಲ್ಲಿ 5%ರಷ್ಟನ್ನು ಕಾರ್ಬೋಹೈಡ್ರೇಟಿನಿಂದ ತೆಗೆದು ಆ ಜಾಗಕ್ಕೆ ಕಾಳಿನದೋ ಹಾಲಿನದೋ ಪ್ರೋಟೀನು ಬಂದಾಗ ಇಳಿದದ್ದು ಕಂಡಿತು. ಹಾಗಾಗಿ ನಿಮ್ಮ ತಾತನ ಊಟದಲ್ಲಿ ನಾನು ಮುದ್ದೆಗಿಂತ ಬಸ್ಸಾರನ್ನು ನೋಡುತ್ತೇನೆ. ಸೊಪ್ಪು, ಹೆಸರುಕಾಳು ಬೇಯಿಸಿ ಬಸಿದು, ಕಟ್ಟಿನಿಂದ ಸಾರು, ಮಿಕ್ಕದ್ದು ಪಲ್ಯ. ಈಗ ಎಷ್ಟೋ ಮನೆಯಲ್ಲಿ ಸಾರು ಉಳಿದಿದೆ, ಪಲ್ಯದ ಪಾಲು ಚಮಚಕ್ಕೆ ಇಳಿದಿದೆ. ಮುದ್ದೆ ಒಂದು, ಪಲ್ಯ ಎರಡು ಸೌಟು ಅನ್ನಿ, ನಾನೂ ಒಪ್ಪುತ್ತೇನೆ.

ರಿವರ್‌ಸೈಡ್‌ನಿಂದ ಶಾರದೆ:

ನಾನು ಕ್ಯಾಲಿಫೋರ್ನಿಯಾದಲ್ಲಿದ್ದೇನೆ, ಮೂಲ ಸಾಗರ. ಸಸ್ಯಾಹಾರದ ಮಾತು ಬಂದ ಕೂಡಲೇ ಎಲ್ಲರೂ ಹೆಸರು ಹೇಳುವ ಲೋಮಾ ಲಿಂಡಾ ನಮ್ಮ ಮನೆಯಿಂದ ಕಾರಿನಲ್ಲಿ ಹತ್ತಿರವೇ. ಅಲ್ಲಿನ ವಿಶ್ವವಿದ್ಯಾಲಯದವರು ಅಡ್ವೆಂಟಿಸ್ಟ್ ಅನ್ನುವ ಪಂಥದ ಕ್ರೈಸ್ತರ ಮೇಲೆ ನಡೆಸಿದ ಅಧ್ಯಯನದ ಬಗ್ಗೆ ಮೇಡಂ ಬರೆಯಲಿಲ್ಲ, ನಾನು ಬರೆಯುತ್ತೇನೆ.

2002ರಲ್ಲಿ ಶುರುವಾದ ಆ ಅಧ್ಯಯನದಲ್ಲಿ ಅಮೆರಿಕ, ಕೆನಡಾದ ಸುಮಾರು 96 ಸಾವಿರ ಜನ ಇದ್ದಾರೆ. ಮಾಂಸ, ಮೊಟ್ಟೆ, ಹಾಲು ಯಾವುದೂ ಮುಟ್ಟದವರಲ್ಲಿ ಶುಗರ್ ಇದ್ದವರು 2.9%, ಮಾಂಸ ತಿನ್ನುವವರಲ್ಲಿ 7.6%. ಇದು ಕೇಳಿದರೆ ವಿಡಿಯೋದವರು ಸರಿ ಅನ್ನಿಸುತ್ತೆ. ಆದರೆ ಅಲ್ಲಿನ ಜನರನ್ನು ನಾನು ನೋಡಿದ್ದೇನೆ. ನನ್ನ ಜೊತೆ ಕೆಲಸ ಮಾಡುವವರೊಬ್ಬರು ಆ ಚರ್ಚಿನವರು, 66 ವರ್ಷ. ಸಿಗರೇಟಿಲ್ಲ, ಕುಡಿತವಿಲ್ಲ. ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಕೆಲಸದ ಫೋನ್ ಮುಟ್ಟಲ್ಲ, ಶನಿವಾರ ಪೂರ್ತಿ ಬಿಡುವು. ಮಧ್ಯಾಹ್ನದ ಡಬ್ಬಿಯಲ್ಲಿ ಯಾವಾಗಲೂ ಬೇಯಿಸಿದ ಕಾಳು, ಒಂದು ಹಿಡಿ ಬಾದಾಮಿ ಅಥವಾ ವಾಲ್‌ನಟ್. ಅದೇ ಹೊತ್ತಿಗೆ ನಾನು, ಹುಟ್ಟಾ ಸಸ್ಯಾಹಾರಿ, ಚಿತ್ರಾನ್ನ ಬಿಸಿ ಮಾಡಿಕೊಂಡು ಪಕ್ಕಕ್ಕೆ ಚಿಪ್ಸ್ ಇಟ್ಟುಕೊಂಡು ಕೂತಿರುತ್ತಿದ್ದೆ. ಇಬ್ಬರೂ ಕಾಗದದಲ್ಲಿ ವೆಜಿಟೇರಿಯನ್. ಬಿ.ಪಿ. ಮಾತ್ರೆ ತಿನ್ನುತ್ತಿದ್ದದ್ದು ಅವರಿಗಿಂತ 18 ವರ್ಷ ಚಿಕ್ಕವಳಾದ ನಾನು.

ಅನುಮಾನಪ್ಪ:

ಎಲ್ಲಾ ಸರಿ. ಆದರೆ ಸಸ್ಯಾಹಾರಿಗಳಿಗೆ ಸ್ಟ್ರೋಕ್ ಜಾಸ್ತಿ ಅಂತ ಇಂಗ್ಲೆಂಡಿನ ಅಧ್ಯಯನ ಹೇಳಿತ್ತಲ್ಲ? ಅದನ್ನು ಯಾಕೆ ಯಾರೂ ಹೇಳುತ್ತಿಲ್ಲ? ಬೇಕಾದ್ದನ್ನು ಮಾತ್ರ ಆರಿಸಿಕೊಂಡರೆ ಆಯ್ತಾ?

ಹುರುಳಿಕಟ್ಟು (ಹಾಸನ):

ಒಳ್ಳೆಯ ಪ್ರಶ್ನೆ. ಆಕ್ಸ್‌ಫರ್ಡಿನವರದ್ದು, 2019ರಲ್ಲಿ ಬಂತು. 48 ಸಾವಿರ ಜನ, 18 ವರ್ಷ. ಸಸ್ಯಾಹಾರಿಗಳಿಗೆ ಹೃದ್ರೋಗ 22% ಕಡಿಮೆ, ಸ್ಟ್ರೋಕ್ 20% ಹೆಚ್ಚು. ಶೇಕಡಾ ಕೇಳಿದರೆ ಸಮಸಮ ಅನ್ನಿಸುತ್ತೆ. ತಲೆ ಎಣಿಸಿ: ಸಾವಿರ ಜನರಲ್ಲಿ ಹತ್ತು ವರ್ಷಕ್ಕೆ ಹೃದ್ರೋಗ 10 ಕಡಿಮೆ, ಸ್ಟ್ರೋಕ್ 3 ಜಾಸ್ತಿ. ಮಿದುಳಿನಲ್ಲಿ ರಕ್ತಸ್ರಾವವಾಗುವ ಸ್ಟ್ರೋಕೇ ಹೆಚ್ಚು ಕಂಡದ್ದು. ಬಿ12 ವಿಟಮಿನ್ ಕೊರತೆಯೂ ಒಂದು ಕಾರಣವಿರಬಹುದು ಅಂತ ಅವರೇ ಬರೆದಿದ್ದಾರೆ. ಅದೇ ಗುಂಪಿನ ಮುಂದಿನ ವರ್ಷದ ಲೆಕ್ಕದಲ್ಲಿ ಹಾಲನ್ನೂ ಬಿಟ್ಟವರಿಗೆ ಮೂಳೆ ಮುರಿತ ಜಾಸ್ತಿ ಇತ್ತು, ಅದನ್ನೂ ಸೇರಿಸಿಕೊಳ್ಳಿ. ನಾನು ಮೇಷ್ಟ್ರಿಗೆ ಹಾಲು ಬಿಡಬೇಡಿ ಅಂದದ್ದಕ್ಕೆ ಇದೂ ಒಂದು ಕಾರಣ.

ಉಳ್ಳಾಲದ ಹುಡುಗ:

ಅಕ್ಕ, ನಮಗೆ ಮೀನು ಇಲ್ಲದೆ ಊಟವೇ ಇಲ್ಲ. ಬೂತಾಯಿ, ಬಂಗುಡೆ ಬಿಡಬೇಕಾ?

ಹುರುಳಿಕಟ್ಟು (ಹಾಸನ):

ಬೇಡ ತಮ್ಮಾ. ಲೋಮಾ ಲಿಂಡಾದ ಲೆಕ್ಕದಲ್ಲೂ ಆಕ್ಸ್‌ಫರ್ಡಿನ ಲೆಕ್ಕದಲ್ಲೂ ಮೀನು ತಿನ್ನುವವರು ಚೆನ್ನಾಗಿಯೇ ಇದ್ದರು. ಸಾರು ಮಾಡಿ ತಿನ್ನು, ದಿನಾ ಕರಿಯಬೇಡ. ಪಕ್ಕದಲ್ಲಿರುವ ಕುಚಲಕ್ಕಿ ಅನ್ನದ ಗುಡ್ಡವನ್ನು ಸ್ವಲ್ಪ ತಗ್ಗಿಸು, ಬಸಳೆಯೋ ಹರಿವೆಯೋ ಏನಾದರೂ ಜೊತೆಗಿರಲಿ.

ದಾವಣಗೆರೆ ಕಾಕಾ:

ಮೇಡಂ ಬಿ12 ಅಂದ ಕೂಡಲೇ ಬರೆಯಬೇಕು ಅನ್ನಿಸಿತು. ನನಗೆ 61. ಹನ್ನೊಂದು ವರ್ಷದಿಂದ ಮೆಟ್‌ಫಾರ್ಮಿನ್. ಎರಡು ವರ್ಷದ ಹಿಂದೆ ಪಾದ ಜುಮ್ ಅನ್ನೋಕೆ ಶುರುವಾಯಿತು, ರಾತ್ರಿ ಚಪ್ಪಲಿ ಕಾಲಿನಿಂದ ಜಾರಿದರೂ ಗೊತ್ತಾಗುತ್ತಿರಲಿಲ್ಲ. ಶುಗರಿನ ನರದೌರ್ಬಲ್ಯ ಅಂತ ಒಂದು ಕಡೆ ಎಂಟು ತಿಂಗಳು ನರದ ಗುಳಿಗೆ ಕೊಟ್ಟರು. ಕಡಿಮೆ ಆಗಲಿಲ್ಲ. ಬೆಂಗಳೂರಿನಲ್ಲಿರುವ ಮಗಳು ಹಟ ಮಾಡಿ ಬಿ12 ನೋಡಿಸಿದಳು. 118 ಇತ್ತು. 200ರ ಮೇಲಿರಬೇಕಂತೆ. ನಾವು ಸಸ್ಯಾಹಾರಿಗಳು, ಅದು ಗಿಡದಲ್ಲಿ ಸಿಗಲ್ಲ. ಮೇಲೆ ಮೆಟ್‌ಫಾರ್ಮಿನ್ ಇದ್ದದ್ದನ್ನೂ ಸರಿಯಾಗಿ ಒಳಕ್ಕೆ ಬಿಡಲ್ಲ. ಇಂಜೆಕ್ಷನ್ ಶುರು ಮಾಡಿ ಮೂರು ತಿಂಗಳಿಗೆ ಬಲಗಾಲು ಸರಿಯಾಯಿತು. ಎಡಗಾಲು ಪೂರ್ತಿ ಬರಲೇ ಇಲ್ಲ. ತಡ ಆಯ್ತು ಅಂದರು. ಮೇಷ್ಟ್ರೇ, ನಿಮ್ಮ ಅಪ್ಪಾರದ್ದು ಒಮ್ಮೆ ನೋಡಿಸಿ.

ಇನ್ನೊಂದು. ನಮ್ಮ ತಮ್ಮ ವಾಟ್ಸಾಪು ನೋಡಿ ದಿನಾ ಬೆಳಗ್ಗೆ ಪಾಲಕ್ ಜ್ಯೂಸು, ಎಳನೀರು ಅಂತ ಶುರು ಮಾಡಿದ್ದ. ಅವನ ಕಿಡ್ನಿ ಮೊದಲೇ ಅರ್ಧ ಹೋಗಿತ್ತು. ಪೊಟ್ಯಾಶಿಯಂ ಏರಿ ಐಸಿಯುದಲ್ಲಿ ಮೂರು ದಿನ ಇದ್ದ. ಕಿಡ್ನಿ ತೊಂದರೆ ಇದ್ದವರು ಸೊಪ್ಪು, ಹಣ್ಣು, ಕಾಳು ಎಲ್ಲವನ್ನೂ ಡಾಕ್ಟರನ್ನು ಕೇಳಿಯೇ ತಿನ್ನಬೇಕು.

ತಿಪಟೂರು ಮೇಷ್ಟ್ರು:

ಎಲ್ಲರಿಗೂ ಧನ್ಯವಾದ. 150ರಿಂದ ಭಾಗಿಸಿಲ್ಲ ಅಂದದ್ದು ಮನಸ್ಸಿಗೆ ನಾಟಿತು ಮೇಡಂ. ಎಂಟನೇ ಕ್ಲಾಸಿಗೆ ಸರಾಸರಿ ಹೇಳಿಕೊಡುವವನು ನಾನು.

ಒಂದೇ ಅನುಮಾನ. ತೆಂಗಿನಕಾಯಿ? ಕೊಬ್ಬರಿ ಊರಿನಲ್ಲಿ ಇದ್ದುಕೊಂಡು ಇದನ್ನು ಗಟ್ಟಿಯಾಗಿ ಕೇಳೋಕೂ ಭಯ.

ಹುರುಳಿಕಟ್ಟು (ಹಾಸನ):

ಪಲ್ಯಕ್ಕೆ ಉದುರಿಸುವ ಕಾಯಿಗೆ ನಾನು ಬೈಯಲ್ಲ. ಕಾಯಿಯಲ್ಲಿ ನಾರಿದೆ, ಎಣ್ಣೆಯಲ್ಲಿಲ್ಲ. ಕೊಬ್ಬರಿ ಎಣ್ಣೆ ಬೇರೆ ಮಾತು. 16 ಪ್ರಯೋಗಗಳನ್ನು ಒಟ್ಟು ಮಾಡಿ 2020ರಲ್ಲಿ ನೋಡಿದಾಗ, ಸನ್‌ಫ್ಲವರ್ ಥರದ ಎಣ್ಣೆಗಳಿಗಿಂತ ಕೊಬ್ಬರಿ ಎಣ್ಣೆ ಕೆಟ್ಟ ಕೊಲೆಸ್ಟ್ರಾಲನ್ನು 10 ಅಂಕ ಏರಿಸಿತ್ತು. ಅಪ್ಪನಿಗೆ ಸ್ಟೆಂಟ್ ಇದೆ. ಅವರ ಚಟ್ನಿಯಲ್ಲಿ ಅರ್ಧ ಕಾಯಿ, ಅರ್ಧ ಹುರಿಗಡಲೆ ಹಾಕಿ. ದಕ್ಷಿಣ ಏಷ್ಯಾದವರಿಗೆ ಮೊದಲ ಹಾರ್ಟ್ ಅಟ್ಯಾಕ್ ಆಗುವ ಸರಾಸರಿ ವಯಸ್ಸು 53 ಅಂತ 52 ದೇಶಗಳ ಅಧ್ಯಯನದಲ್ಲಿ ಕಂಡಿದೆ, ಬೇರೆಯವರಿಗಿಂತ ಐದಾರು ವರ್ಷ ಮೊದಲೇ. ನಿಮಗೆ 44 ಅಂದಿರಿ. ವಾಕಿಂಗೂ ಶುರು ಮಾಡಿ.

ತಿಪಟೂರು ಮೇಷ್ಟ್ರು (ಮೂರೂವರೆ ತಿಂಗಳ ನಂತರ):

ಬಂದು ಲೆಕ್ಕ ಒಪ್ಪಿಸಬೇಕು ಅಂತ ಇತ್ತು.

ಮೊದಲು ತಪ್ಪು ಹೇಳಿಬಿಡುತ್ತೇನೆ. ಅಪ್ಪನ ಡಾಕ್ಟರಿಗೆ ಹೇಳಿ ಅಂತ ಮೇಡಂ ಬರೆದಿದ್ದರು. ಭಾನುವಾರ ಹೇಳೋಣ ಅಂದುಕೊಂಡೆ. ಗುರುವಾರ ರಾತ್ರಿಯೇ ಅಮ್ಮ ಉತ್ಸಾಹದಲ್ಲಿ ಅಪ್ಪನಿಗೆ ಅನ್ನ ಅರ್ಧ ಮಾಡಿ, ಹುರುಳಿಕಾಳಿನ ಉಸ್ಲಿ ಬಡಿಸಿದರು. ಮಾತ್ರೆ ಮಾತ್ರ ಹಳೆಯದೇ. ರಾತ್ರಿ ಮೂರಕ್ಕೆ ಅಪ್ಪ ಬೆವೆತು, ಕೈ ನಡುಗಿ, ಏನೇನೋ ಮಾತಾಡತೊಡಗಿದರು. ಮನೆಯ ಮಿಷನ್ನಿನಲ್ಲಿ 58 ತೋರಿಸಿತು. ಸಕ್ಕರೆ ನೀರು ಕುಡಿಸಿ, ಬಾಳೆಹಣ್ಣು ತಿನ್ನಿಸಿದ ಮೇಲೆ ಸರಿಹೋದರು. ಮಾರನೆಯ ದಿನ ಡಾಕ್ಟರು ಗ್ಲಿಮೆಪಿರೈಡ್ ಅರ್ಧಕ್ಕೆ ಇಳಿಸಿದರು. ಈ ಪುಟ ಓದುವವರು ಯಾರಾದರೂ ಇದ್ದರೆ, ಭಾನುವಾರಕ್ಕೆ ಕಾಯಬೇಡಿ. ಅವರ ಬಿ12 ಕೂಡ ನೋಡಿಸಿದೆ ಕಾಕಾ, 164. ಮಾತ್ರೆ ಶುರುವಾಗಿದೆ.

ಈಗಿನ ಚೀಟಿ: ಅಕ್ಕಿ 18 ಕೆಜಿ, ರಾಗಿ 6, ಗೋಧಿ 4, ರವೆ 1. ಮೈದಾ ಇಲ್ಲ. ಬೇಳೆಕಾಳು ಎಲ್ಲಾ ಸೇರಿ 10 ಕೆಜಿ, ಅಂದರೆ ತಲೆಗೆ 67 ಗ್ರಾಂ (ಭಾಗಿಸಿಯೇ ಬರೆದಿದ್ದೇನೆ). ಹುರುಳಿ, ಹೆಸರುಕಾಳು, ಅಲಸಂದೆ, ಕಡಲೆಕಾಳು ಸರದಿಯ ಮೇಲೆ. ಸಕ್ಕರೆ ಎರಡೂವರೆ. ಎಣ್ಣೆ ಮೂರೂವರೆ ಲೀಟರ್. ಸಂತೆಗೆ ವಾರಕ್ಕೆ ಎರಡು ಸಲ ಹೋಗುತ್ತೇನೆ, ಚೀಲದಲ್ಲಿ ಸೊಪ್ಪೇ ಜಾಸ್ತಿ. ಖರ್ಚು ಮೊದಮೊದಲು ಏರಿತು ಅನ್ನಿಸಿತ್ತು. ಸಂಜೆಯ ಬೇಕರಿ ನಿಂತಿದ್ದರಿಂದ ಹತ್ತಿರ ಹತ್ತಿರ ಸರಿಹೋಗಿದೆ. ಬೇಕರಿ ಇದೆ ಅಂತ ಮೊದಲು ಬರೆದಿರಲಿಲ್ಲ, ಕ್ಷಮಿಸಿ.

ಮೊದಲ ಎರಡು ವಾರ ಹೊಟ್ಟೆ ಉಬ್ಬರ. ಸ್ಟಾಫ್ ರೂಮಿನಲ್ಲಿ ಕೂರೋಕೂ ಸಂಕೋಚ. ಕಾಳನ್ನು ರಾತ್ರಿ ನೆನೆಸಿ, ನೀರು ಚೆಲ್ಲಿ, ಸ್ವಲ್ಪ ಇಂಗು ಹಾಕಿ ಬೇಯಿಸಿದ ಮೇಲೆ ತಡೆಯಿತು. ಮಗ ಮಾತ್ರ "ಇದು ಮನೆಯಾ, ಹುರುಳಿ ಹೊಲವಾ" ಅಂತಾನೆ.

ಎಚ್‌ಬಿಎ1ಸಿ 5.8 ಬಂದಿದೆ. ತೂಕ 78 ಇದ್ದದ್ದು 74. ಕೆಟ್ಟ ಕೊಲೆಸ್ಟ್ರಾಲ್ 138ರಿಂದ 117. ಆದರೆ ದಿನಾ ಬೆಳಗ್ಗೆ 40 ನಿಮಿಷ ನಡೆಯುತ್ತಲೂ ಇದ್ದೇನೆ. ಕಾಳಿನಿಂದ ಎಷ್ಟು, ನಡಿಗೆಯಿಂದ ಎಷ್ಟು, ಬೇಕರಿ ಬಿಟ್ಟಿದ್ದರಿಂದ ಎಷ್ಟು ಅಂತ ಕೇಳಿದರೆ ಆರ್ನಿಷ್ ಸಾಹೇಬರ ಕಥೆಯೇ ನನ್ನದೂ.

ಅಮ್ಮ ಪಕ್ಕದಲ್ಲೇ ಕೂತು ಒಂದು ಪ್ರಶ್ನೆ ಕೇಳಿಸುತ್ತಿದ್ದಾರೆ ಮೇಡಂ. ಏಕಾದಶಿಯ ಉಪವಾಸಕ್ಕೆ ಮಾಡುವ ಅವಲಕ್ಕಿ, ಉಪ್ಪಿಟ್ಟು ಲೆಕ್ಕಕ್ಕೆ ಬರುತ್ತಾ?

ಹುರುಳಿಕಟ್ಟು (ಹಾಸನ):

ಬರುತ್ತೆ ಅಂತ ಹೇಳಿ ಮೇಷ್ಟ್ರೇ. ಬೇಜಾರು ಮಾಡಿಕೊಂಡರೆ ಹಾಸನದವಳು ಹೇಳಿದ್ದು ಅನ್ನಿ.